ಭಟ್ಟಿಯ ಹೊಗೆ, ಚಳ್ಳಕೆರೆಯ ಕಂಬಳಿ

ನಮ್ಮ ಕಿರುಚಿತ್ರ ನೋಡಿದವರು ಮೊದಲು ಕೇಳುವುದು ಒಂದೇ: ಯಾವ ಕ್ಯಾಮೆರಾ? ಮೊಬೈಲ್ ಎಂದರೆ ಅರ್ಧ ಜನ ನಂಬುವುದಿಲ್ಲ, ಉಳಿದರ್ಧ ಯಾವ ಮೊಬೈಲ್ ಎಂದು ಕೇಳುತ್ತಾರೆ. ಚಳ್ಳಕೆರೆಯಿಂದ ತಂದ ಕರಿ ಕಂಬಳಿಗಳ ಬಗ್ಗೆ ಯಾರೂ ಕೇಳಿಲ್ಲ. ಚಿತ್ರಕ್ಕೆ ಸಿನಿಮಾದ ಕಳೆ ಬಂದಿದ್ದರೆ ಅದರಲ್ಲಿ ದೊಡ್ಡ ಪಾಲು ಅವುಗಳದ್ದು.

ಕಥೆ ನಡೆಯುವುದು ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ. ಜಾಗವನ್ನು ಮೊದಲು ಹಿಡಿದು, ಕಥೆಯನ್ನು ಆಮೇಲೆ ಬರೆದೆವು. ಕೈಯಲ್ಲಿ ಕಾಸಿಲ್ಲದವರಿಗೆ ಇದೇ ಸರಿಯಾದ ಕ್ರಮ. ಮಸಿ ಹಿಡಿದ ಗೋಡೆ, ತೂತುಬಿದ್ದ ತಗಡಿನ ಮಾಡು, ಕಾದ ಮರಳಿನ ಬಾಣಲೆ, ಮೂಲೆಯಲ್ಲಿ ಹೊಟ್ಟಿನ ರಾಶಿ: ಇದನ್ನೆಲ್ಲ ಸೆಟ್ ಹಾಕಿ ಕಟ್ಟುವ ಶಕ್ತಿ ನಮಗೆಲ್ಲಿತ್ತು? ಬಾಡಿಗೆ ಕೇಳದ ಮಾಲೀಕರಿಗೆ ಬದಲಾಗಿ, ಕೆಲಸ ನಿಲ್ಲಿಸಿ ನಮಗಾಗಿ ಕಾದ ಕಾರ್ಮಿಕರಿಗೆ ಆ ಹೊತ್ತಿನ ಕೂಲಿ ಕೊಟ್ಟೆವು. ನಮ್ಮ ಲೆಕ್ಕದಲ್ಲಿ ಊಟ ಬಿಟ್ಟರೆ ಅದೇ ದೊಡ್ಡ ಖರ್ಚು.

ಭಟ್ಟಿಯಲ್ಲಿ ಹೊಗೆ ಬಿಟ್ಟಿ. ದೊಡ್ಡ ಚಿತ್ರಗಳಲ್ಲಿ ಯಂತ್ರವಿಟ್ಟು ಎಬ್ಬಿಸುವ ಹೊಗೆ ಇಲ್ಲಿ ನಸುಕಿನಿಂದಲೇ ತುಂಬಿರುತ್ತದೆ. ಆದರೆ ಸೂರ್ಯ ನಿಮ್ಮ ಬೆನ್ನ ಹಿಂದಿದ್ದರೆ ಅದು ಬರೀ ಬೂದುಬಣ್ಣದ ಮಂಕು. ಕ್ಯಾಮೆರಾವನ್ನು ಬೆಳಕಿನ ಕಡೆಗೆ ತಿರುಗಿಸಬೇಕು, ಹಿನ್ನೆಲೆ ಕಪ್ಪಾಗಿರಬೇಕು. ಆಗ ತಗಡಿನ ಒಂದೊಂದು ತೂತಿನಿಂದಲೂ ಕೋಲಿನಂತೆ ಬಿಸಿಲು ಇಳಿಯುವುದು ಕಾಣುತ್ತದೆ. ಬೆಳಿಗ್ಗೆ ಬಿಸಿಲು ಓರೆಯಾಗಿರುವಷ್ಟು ಹೊತ್ತು ಮಾತ್ರ ಈ ಆಟ. ಆ ಹೊತ್ತಿಗೆ ಅಗಲದ ಶಾಟ್‌ಗಳನ್ನಷ್ಟೇ ಇಟ್ಟುಕೊಂಡು, ಮುಖದ ಶಾಟ್‌ಗಳನ್ನು ಆಮೇಲಕ್ಕೆ ಬಿಟ್ಟೆವು. ನಮಗೆ ಅಂದ ಕಂಡ ಹೊಗೆಯನ್ನು ಅಲ್ಲಿನವರು ದಿನವಿಡೀ ಉಸಿರಾಡುತ್ತಾರೆ ಎಂಬುದೂ ಕಥೆಯೊಳಗೆ ಬಂತು, ಬರಲೇಬೇಕಿತ್ತು.

ಇನ್ನು ಮುಖ. ಬಾಗಿಲಿನಿಂದ ಬರುವ ಬೆಳಕು ಕೆನ್ನೆಯ ಒಂದು ಕಡೆ ಬೀಳುತ್ತದೆ. ಎದುರು ಗೋಡೆಗೆ ಬಡಿದು ಮರಳುವ ಬೆಳಕು ಇನ್ನೊಂದು ಕೆನ್ನೆಯನ್ನೂ ತುಂಬಿ ಮುಖವನ್ನು ಚಪ್ಪಟೆ ಮಾಡುತ್ತದೆ. ಇಲ್ಲಿ ಹೊಸಬರು ಇನ್ನೊಂದು ಲೈಟ್ ತರಲು ಓಡುತ್ತಾರೆ. ನಾವು ನೆರಳಿನ ಕಡೆ, ನಟಿಯಿಂದ ಎರಡು ಅಡಿ ದೂರದಲ್ಲಿ ಕಂಬಳಿ ಕಟ್ಟಿದೆವು. ಕ್ಷಣದಲ್ಲಿ ಆ ಕೆನ್ನೆ ಕತ್ತಲಿಗಿಳಿದು ಮೂಗಿನ ಅಂಚು, ಗದ್ದದ ಗೆರೆ ಎದ್ದು ನಿಂತವು. ಕರಿ ಸ್ಯಾಟಿನ್ ಬಟ್ಟೆ ಅಲ್ಲಲ್ಲಿ ಹೊಳೆದು ಬೆಳಕನ್ನು ವಾಪಸು ಕೊಡುತ್ತದೆ. ಒರಟು ಉಣ್ಣೆ ಹಾಗೆ ಮಾಡುವುದಿಲ್ಲ. ಕಣ್ಣುಗಳು ಪೂರ್ತಿ ನೆರಳಿನಲ್ಲಿ ಮುಚ್ಚಿಹೋದಂತೆ ಕಂಡ ಶಾಟ್‌ನಲ್ಲಿ ಮಂಡಕ್ಕಿಯ ರಾಶಿಯನ್ನೇ ನಟಿಯ ಮೊಣಕಾಲಿನ ಬಳಿಗೆ ಎಳೆದು ಹಾಕಿದೆವು. ಬೆಳ್ಳಗಿನ ಮಂಡಕ್ಕಿ ಕೆಳಗಿನಿಂದ ಮೆತ್ತಗೆ ಬೆಳಕು ಎಸೆಯಿತು. ಹೀಗೆ ಬೆಳಕು ಎಸೆಯಲು ಬಳಸುವ ಥರ್ಮೋಕೋಲ್ ಹಲಗೆಯನ್ನು ಚೌಕಟ್ಟಿನಾಚೆ ಬಚ್ಚಿಡಬೇಕು, ಮಂಡಕ್ಕಿಗೆ ಆ ತಾಪತ್ರಯವಿಲ್ಲ.

ಭಟ್ಟಿಯ ಟ್ಯೂಬ್‌ಲೈಟ್ ಬಂದ್ ಮಾಡಿದೆವು. ಬೆಳಕಿನ ಬಣ್ಣ ಅಳೆಯುವ ಲೆಕ್ಕದಲ್ಲಿ ಒಲೆಯ ಬೆಂಕಿ ಸುಮಾರು 2000 ಕೆಲ್ವಿನ್, ಹಗಲಿನ ಬೆಳಕು 5500ರ ಆಸುಪಾಸು. ಯಾವ ಬೆಳಕನ್ನು ಬಿಳಿ ಎಂದು ಹಿಡಿಯಬೇಕೆಂದು ಕ್ಯಾಮೆರಾಗೆ ಹೇಳುವ ವೈಟ್ ಬ್ಯಾಲೆನ್ಸ್ ಅನ್ನು ಇವೆರಡರ ನಡುವೆ, 4300ಕ್ಕೆ ಕೂರಿಸಿ ಬೀಗ ಹಾಕಿದರೆ ಬೆಂಕಿ ಕಿತ್ತಳೆಯಾಗಿಯೇ ಉಳಿಯುತ್ತದೆ, ಬಾಗಿಲಿನ ಬೆಳಕು ತುಸು ನೀಲಿಗೆ ಸರಿಯುತ್ತದೆ. ಬಣ್ಣಗಳ ಈ ಜಗಳ ಕ್ಯಾಮೆರಾದಲ್ಲೇ ಸಿಕ್ಕಿದ್ದರಿಂದ ಸಂಕಲನ, ಬಣ್ಣ ತಿದ್ದುವ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಹೆಚ್ಚು ತಿದ್ದುವ ಕೆಲಸವೇ ಬೀಳಲಿಲ್ಲ.

ಕ್ಯಾಮೆರಾದ ಸಂಗತಿ ಚಿಕ್ಕದು. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪ್, ಸೆಕೆಂಡಿಗೆ 24 ಫ್ರೇಮ್, ಶಟರ್ 1/50, ಅಂದರೆ ಒಂದೊಂದು ಫ್ರೇಮ್‌ಗೂ ಸೆಕೆಂಡಿನ ಐವತ್ತನೇ ಒಂದು ಭಾಗ ಬೆಳಕು. ಕೈ ಬೀಸಿದಾಗ ಕಾಣುವ ಹಿತವಾದ ಮಸುಕು ಈ ಶಟರ್‌ನದ್ದು. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ರಾತ್ರಿ ಮನೆಯೊಳಗಿನ ದೃಶ್ಯದಲ್ಲಿ ದೀಪಗಳು ಮಿಣುಕಲೂ ಇಲ್ಲ. ಬಯಲಿನಲ್ಲಿ ಮಾತ್ರ ಈ ಶಟರ್‌ಗೆ ಬೆಳಕು ವಿಪರೀತ. ಹೆಚ್ಚಿನ ಮೊಬೈಲ್‌ಗಳಲ್ಲಿ ಬೆಳಕು ಒಳಬಿಡುವ ದ್ವಾರ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಲೆನ್ಸಿಗೆ ತಂಪು ಕನ್ನಡಕದಂತೆ ಬೆಳಕು ತಗ್ಗಿಸುವ ಒಂದು ಎನ್‌ಡಿ ಫಿಲ್ಟರ್ ಕೊಳ್ಳಲೇಬೇಕು. ಮೇಲೆ ಕೆಳಗೆ ಕಪ್ಪು ಪಟ್ಟಿ ಅಂಟಿಸಿದರೆ ಸಿನಿಮಾ ಆಗುತ್ತದೆ ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ. ಚೌಕಟ್ಟನ್ನು ಮೊದಲೇ 2.39:1ರ (ಎತ್ತರದ 2.39 ಪಟ್ಟು ಅಗಲದ) ಸಿನಿಮಾ ಅಳತೆಗೆಂದೇ ಕಟ್ಟದಿದ್ದರೆ ಆ ಪಟ್ಟಿ ನಟರ ನೆತ್ತಿ ಕತ್ತರಿಸುತ್ತದೆ, ಅಷ್ಟೇ.

ಕೊನೆಯ ದೃಶ್ಯಕ್ಕೆ ಚಿತ್ರದುರ್ಗದ ಬಂಡೆಗಳು ಬೇಕಿದ್ದವು. ಕೋಟೆ ಕೇಂದ್ರದ ಸಂರಕ್ಷಿತ ಸ್ಮಾರಕ. ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಅನುಮತಿ ಪಡೆಯಬೇಕು. ಅಂಥವೇ ಬಂಡೆಗಳು ಕೋಟೆಯ ಹೊರಗೂ ಬಿದ್ದಿವೆ, ಹಿಂದಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬೇರೆ. ಸಂಜೆಯ ಅಡ್ಡಬಿಸಿಲಿಗೆ ಬಂಡೆಯ ಒಂದೊಂದು ಬಿರುಕೂ ಎದ್ದು ಬರುತ್ತದೆ. ಮಧ್ಯಾಹ್ನ ಅಲ್ಲಿ ಕ್ಯಾಮೆರಾ ತೆಗೆಯಲೇ ಇಲ್ಲ.

ಶಬ್ದದಲ್ಲಿ ಜಿಪುಣತನ ಮಾಡಲಿಲ್ಲ. ಒಡಕಾಗಿ, ಅಸ್ಪಷ್ಟವಾಗಿ ಮಾತು ಕಿವಿಗೆ ಬಿದ್ದರೆ ಎಂಥ ಚೌಕಟ್ಟೂ ಅಗ್ಗವಾಗಿ ಕಾಣುತ್ತದೆ. ಕಾಲರ್ ಮೈಕ್ ಬಾಡಿಗೆಗೆ ತಂದೆವು. ತಗಡಿನ ಮಾಡಿನ ಕೆಳಗೆ ಮಾತು ಮಾರ್ದನಿಸುತ್ತಿತ್ತು, ಅದಕ್ಕೂ ನೆಲದ ಮೇಲೆ, ಗೋಡೆಗೆ ಕಂಬಳಿಯೇ. ಮರಳಿನ ಸದ್ದು, ಜರಡಿಯ ಸದ್ದುಗಳನ್ನು ಚಿತ್ರೀಕರಣ ಮುಗಿದ ಮೇಲೆ ಬಾಣಲೆಯ ಪಕ್ಕದಲ್ಲೇ ಮೈಕ್ ಹಿಡಿದು ಬೇರೆಯಾಗಿ ಧ್ವನಿಮುದ್ರಿಸಿ, ಸಂಕಲನದಲ್ಲಿ ಸಂಭಾಷಣೆಯ ಕೆಳಗೆ ಹಾಸಿದೆವು.