ಎಸ್ಟೋನಿಯಾಕ್ಕೆ ಹೊಸದಾಗಿ ಬಂದವರಿಗೆ: ಮೊದಲ ವರ್ಷದ ಸಂಗೀತ

ಓದಲಿಕ್ಕೋ ಕೆಲಸಕ್ಕೋ ಆಗಸ್ಟ್ ಕೊನೆಗೆ ಬಂದಿಳಿದಿದ್ದರೆ ಒಳ್ಳೆಯ ಹೊತ್ತಿಗೇ ಬಂದಿದ್ದೀರಿ. ಇಲ್ಲಿನ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಚೇರಿಗಳ ವರ್ಷ ಶುರುವಾಗುವುದು ಸೆಪ್ಟೆಂಬರಿನಲ್ಲಿ.

ಮೊದಲು ರಾಜಧಾನಿ ತಾಲಿನ್‌ನ ಹಳೇ ಊರಿನ ಗುಡ್ಡ ಹತ್ತಿ ಟೋಮ್‌ಕಿರಿಕ್ ಚರ್ಚಿಗೆ ಹೋಗಿ. ಶನಿವಾರ ಮಧ್ಯಾಹ್ನ 12ಕ್ಕೆ ಅರ್ಧ ಗಂಟೆ ಆರ್ಗನ್ ಎಂಬ ಕೊಳವೆಗಳ ದೊಡ್ಡ ವಾದ್ಯ ನುಡಿಸುತ್ತಾರೆ. ಸುಮ್ನೆ ಕೂತು ಕೇಳಿದರೆ ಸಾಕು, ಕಿವಿ ಈ ಸಂಗೀತಕ್ಕೆ ಹೊಂದಿಕೊಳ್ಳುತ್ತದೆ.

ಆಮೇಲೆ ಎಸ್ಟೋನಿಯಾ ಎಂಬ ಹೆಸರಿನದೇ ಸಂಗೀತ ಸಭಾಂಗಣ. 1913ರಲ್ಲಿ ತೆರೆದ ಕಟ್ಟಡ ಅದು. 1944ರ ಮಾರ್ಚಿನ ಬಾಂಬ್ ದಾಳಿಯಲ್ಲಿ ಸುಟ್ಟಿತ್ತು, ಮತ್ತೆ ಕಟ್ಟಿದರು. 1926ರಲ್ಲಿ ಹುಟ್ಟಿದ ರಾಷ್ಟ್ರೀಯ ಸಿಂಫನಿ ಆರ್ಕೆಸ್ಟ್ರಾ ನುಡಿಸುವುದು ಇಲ್ಲೇ. ದಪ್ಪ ಕೋಟನ್ನು ಒಳಗೆ ಒಯ್ಯಬೇಡಿ. ಬಾಗಿಲ ಹತ್ತಿರವೇ ಕೋಟು ಇಟ್ಟುಕೊಳ್ಳುವ ಗಾರ್ಡರೋಬ್ ಇರುತ್ತದೆ, ಅಲ್ಲಿ ಕೊಟ್ಟು ಬಿಲ್ಲೆ ಇಸಿದುಕೊಳ್ಳಿ.

ನಮ್ಮ ಕಚೇರಿಗಳಲ್ಲಿ ತೊಡೆ ಮೇಲೆ ತಾಳ ಹಾಕುತ್ತೇವೆ, ಚೆನ್ನಾಗಿ ಬಂದ ಕಡೆ "ಭಲೇ" ಅನ್ನುತ್ತೇವೆ, ಮೃದಂಗದ ತನಿ ಮುಗಿದರೆ ಚಪ್ಪಾಳೆ ಹೊಡೆಯುತ್ತೇವೆ. ಇಲ್ಲಿ ಸಿಂಫನಿಗೆ, ಅಂದರೆ ಆರ್ಕೆಸ್ಟ್ರಾ ನುಡಿಸುವ ದೊಡ್ಡ ರಚನೆಗೆ, ಮೂರು ನಾಲ್ಕು ಭಾಗಗಳಿರುತ್ತವೆ, ನಡುವೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಕೊನೆ ಸ್ವರ ನಿಂತ ಮೇಲೂ, ಆರ್ಕೆಸ್ಟ್ರಾ ನಡೆಸುವ ನಿರ್ದೇಶಕರು ಕೈ ಇಳಿಸುವ ತನಕ ಕಾಯುತ್ತಾರೆ. ಆ ಮೌನವೂ ಸಂಗೀತದ ಭಾಗವೇ.

ಅದು ತುಂಬ ಚೆನ್ನಾಗಿ ಗೊತ್ತಾಗುವುದು ಇಲ್ಲಿನ ಸಂಗೀತ ಸಂಯೋಜಕ ಆರ್ವೊ ಪ್ಯಾರ್ಟ್ ಅವರ ರಚನೆಗಳಲ್ಲಿ. 1935ರ ಸೆಪ್ಟೆಂಬರ್ 11ರಂದು ಪೈಡೆ ಊರಿನಲ್ಲಿ ಹುಟ್ಟಿದವರು. 1976ರಿಂದ ಅವರು ಹಿಡಿದ ದಾರಿ ತುಂಬ ಸರಳ. ಒಂದು ದನಿ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ, ಇನ್ನೊಂದು ಸ, ಗ, ಪ ಎನ್ನುವಂಥ ಮೂರೇ ಸ್ವರಗಳಲ್ಲಿ ನಿಲ್ಲುತ್ತದೆ. ತಂಬೂರಿ ಶ್ರುತಿ ಕೇಳಿ ಬೆಳೆದ ಕಿವಿಗೆ ಇದು ಪರಕೀಯ ಅನ್ನಿಸುವುದೇ ಇಲ್ಲ. ನನಗಂತೂ ಈ ನಾಡು ನಮ್ಮದು ಅನ್ನಿಸಿದ್ದು ಇವರ ಸಂಗೀತದಿಂದಲೇ. ತಾಲಿನ್‌ನಿಂದ ಸುಮಾರು 35 ಕಿಲೋಮೀಟರ್ ದೂರದ ಲೌಲಸ್ಮಾದಲ್ಲಿ, ಪೈನ್ ಕಾಡಿನ ನಡುವೆ, ಅವರ ಹೆಸರಿನ ಕೇಂದ್ರ 2018ರಿಂದ ಇದೆ. ಒಂದು ಇಡೀ ದಿನ ಇಟ್ಟುಕೊಂಡು ಹೋಗಿ.

ಡಿಸೆಂಬರಿನಲ್ಲಿ ಮಧ್ಯಾಹ್ನ 3.30ಕ್ಕೇ ಸೂರ್ಯ ಮುಳುಗುತ್ತದೆ. ಮನೆಯಲ್ಲೇ ಕೂತರೆ ಮನಸ್ಸು ಕುಗ್ಗುತ್ತದೆ, ನಾನು ನೋಡಿದ್ದೇನೆ. ವಾರಕ್ಕೊಂದು ಸಂಜೆ ಚರ್ಚಿನ ಕ್ರಿಸ್‌ಮಸ್ ಗಾಯನಕ್ಕೆ ಹೋಗಿ. ಹೊರಗೆ ಹೋಗಲಾಗದ ದಿನ ಶಾಸ್ತ್ರೀಯ ಸಂಗೀತದ ರೇಡಿಯೊ ಕೇಂದ್ರ ಕ್ಲಾಸಿಕಾರಾಡಿಯೊ ಹಾಕಿ, ಕಚೇರಿಗಳನ್ನು ನೇರವಾಗಿ ಕೇಳಿಸುತ್ತಾರೆ. ವಸಂತಕ್ಕೆ ಹೊಸ ರಚನೆಗಳ ಎಸ್ಟೋನಿಯನ್ ಸಂಗೀತ ದಿನಗಳು ಬರುತ್ತವೆ, 1979ರಿಂದ ನಡೆಯುತ್ತಿವೆ.

ಹಾಡು ಬಂದರೆ ವಿಶ್ವವಿದ್ಯಾಲಯದ ಗಾಯನ ತಂಡ ಸೇರಿ. ಭಾಷೆ ಬಾರದಿದ್ದರೂ ಪರವಾಗಿಲ್ಲ, ಹಾಡುತ್ತಲೇ ಬರುತ್ತದೆ. 1869ರಲ್ಲಿ ತಾರ್ತು ನಗರದಲ್ಲಿ ಶುರುವಾದ ಹಾಡಿನ ಹಬ್ಬ ಈಗ ತಾಲಿನ್‌ನಲ್ಲಿ ಸುಮಾರು 5 ವರ್ಷಕ್ಕೊಮ್ಮೆ ನಡೆಯುತ್ತದೆ. ಸಾವಿರಾರು ಜನ ವೇದಿಕೆಯ ಒಂದೇ ಕಮಾನಿನ ಕೆಳಗೆ ನಿಂತು ಹಾಡುತ್ತಾರೆ. ಲಿಡಿಯಾ ಕೊಯ್ದುಲಾ ಕವನಕ್ಕೆ ಗುಸ್ತಾವ್ ಎರ್ನೆಸಾಕ್ಸ್ ರಾಗ ಹಾಕಿದ ತಾಯ್ನಾಡಿನ ಹಾಡು ಬಂದಾಗ ನೀವೂ ಎದ್ದು ನಿಲ್ಲಿ. ಸೋವಿಯತ್ ಕಾಲದಲ್ಲಿ ಈ ಜನರನ್ನು ಹಿಡಿದಿಟ್ಟ ಹಾಡು ಅದು.

ಬೇಸಿಗೆಯಲ್ಲಿ ಊರೂರಿಗೂ ಹಬ್ಬ. ಜುಲೈನಲ್ಲಿ ಆರ್ಕೆಸ್ಟ್ರಾ ನಿರ್ದೇಶಕ ಪಾವೊ ಯಾರ್ವಿ ಅವರ ಪ್ಯಾರ್ನು ಸಂಗೀತೋತ್ಸವ ಬಿಡಬೇಡಿ, ಟಿಕೆಟ್ ಬೇಗ ತಗೊಳ್ಳಿ. ಹಾಪ್‌ಸಾಲುವಿನಲ್ಲಿ ಪ್ರಾಚೀನ ಸಂಗೀತ, ಸಾರೆಮಾ ದ್ವೀಪದ ಕೋಟೆಯಲ್ಲಿ ಹಾಡಿನ ನಾಟಕವಾದ ಒಪೇರಾ. ಆಗಸ್ಟಿನಲ್ಲಿ ತಾಲಿನ್‌ನ ಪಿರಿತಾದಲ್ಲಿರುವ ಹಳೇ ಮಠದ ಪಾಳು ಗೋಡೆಗಳ ನಡುವೆ ಬಿರ್ಗಿಟ್ಟಾ ಉತ್ಸವ. ಹತ್ತಿರದಲ್ಲೇ ಸಮುದ್ರ, ರಾತ್ರಿ ಚಳಿ ಜಾಸ್ತಿ. ಸ್ವೆಟರ್ ಒಯ್ಯಿರಿ.