ರೈಲಿಲ್ಲದ ಹಳಿಯ ಮೇಲೆ ಎರಡು ದಿನ

ಕೊಡಗಿಗೆ ಇವತ್ತಿಗೂ ರೈಲಿಲ್ಲ. ಶನಿವಾರಸಂತೆಯವನಾದ ನಾನು ರೈಲಿನಲ್ಲಿ ಕೂರುವ ಮೊದಲೇ ಹಳಿಯ ಮೇಲೆ ನಡೆದವನು.

ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ಶುರುವಾಗಿದ್ದು 1979ರಲ್ಲಿ. ಹಳಿಗಳ ನಡುವಿನ ಅಂತರ ಹೆಚ್ಚಿಸಿ ಬ್ರಾಡ್ ಗೇಜ್ ಮಾಡಲು 1996ರಲ್ಲಿ ರೈಲು ನಿಲ್ಲಿಸಿದರು. ಆಮೇಲೆ ಸುಮಾರು ಹತ್ತು ವರ್ಷ ಸಕಲೇಶಪುರದ ಘಾಟಿ ಚಾರಣಿಗರ ಪಾಲಾಯಿತು. 2004ರ ಫೆಬ್ರವರಿಯಲ್ಲಿ ಕಾಫಿ ಕೊಯ್ಲು ಮುಗಿಸಿ ನಾನೂ ಭಾವನೂ ಹೊರಟೆವು. ಆಗ ರಕ್ತ ಹೀರುವ ಇಂಬಳದ ಕಾಟ ಇರುವುದಿಲ್ಲ ನೋಡಿ. ಚೀಲದಲ್ಲಿ ಅಕ್ಕಿ ರೊಟ್ಟಿ, ಚಟ್ನಿ, ಎರಡು ಟಾರ್ಚ್.

ದೋಣಿಗಲ್‌ನಲ್ಲಿ ಹಳಿಗಿಳಿದೆವು. ಇಳಿಜಾರು ಐವತ್ತು ಅಡಿಗೆ ಒಂದಡಿ. ರೈಲಿಗೆ ಅದು ಜಾಸ್ತಿಯೇ, ದಿನಾ ತೋಟದ ಬರೆ ಹತ್ತಿ ಇಳಿಯುವ ನಮಗೆ ಗೊತ್ತೇ ಆಗುವುದಿಲ್ಲ. ಕಾಲಿಗೆ ಕಾಟ ಕೊಟ್ಟಿದ್ದು ಸ್ಲೀಪರ್, ಅಂದರೆ ಹಳಿಯ ಕೆಳಗೆ ಅಡ್ಡ ಹಾಕಿದ ಮರದ ದಿಮ್ಮಿ. ಒಂದೊಂದನ್ನೇ ಮೆಟ್ಟಿದರೆ ಹೆಜ್ಜೆ ಗಿಡ್ಡ, ಒಂದು ಬಿಟ್ಟು ಮೆಟ್ಟಿದರೆ ಉದ್ದ. ಪಕ್ಕಕ್ಕೆ ಇಳಿದರೆ ಜಲ್ಲಿಯಲ್ಲಿ ಪಾದ ಹೊರಳುತ್ತದೆ. ಗಂಟೆ ಕಳೆಯುವಷ್ಟರಲ್ಲಿ ಭಾವನ ಹೊಸ ಬೂಟು ಹಿಮ್ಮಡಿ ಕಚ್ಚಿತ್ತು. ನನ್ನ ಹಳೇ ಕ್ಯಾನ್ವಾಸ್ ಶೂ ಬಚಾವ್ ಮಾಡಿತು.

ಈ ಘಾಟಿಯಲ್ಲಿ 57 ಸುರಂಗ, 109 ಸೇತುವೆ. ಸೇತುವೆಯಲ್ಲಿ ಸ್ಲೀಪರ್‌ಗಳ ನಡುವೆ ಏನೂ ಇಲ್ಲ, ಸಂದಿಯಲ್ಲಿ ಹಳ್ಳ ಹರಿಯುವುದು ಕಾಣುತ್ತದೆ.

“ಕೆಳಗೆ ನೋಡಬೇಡಿ ಭಾವ.”

“ನೋಡದೆ ಕಾಲೆಲ್ಲಿ ಇಡ್ಲಿ ಮಾರಾಯ?”

ಅವರು ಹೇಳಿದ್ದೂ ಸರಿಯೇ. ಕಣ್ಣನ್ನು ಮರದ ಅಂಚಿನ ಮೇಲೆ ನಿಲ್ಲಿಸಬೇಕು, ನೀರಿನ ಮೇಲಲ್ಲ. ಇದು ರೂಢಿಯಾಗಲು ನಾಲ್ಕು ಸೇತುವೆ ಬೇಕಾಯಿತು. ಸುರಂಗದ ಒಳಗೆ ಬಾವಲಿ ವಾಸನೆ, ತೊಟ್ಟಿಕ್ಕುವ ನೀರು. ಗೋಡೆಯಲ್ಲಿ ಅಲ್ಲಲ್ಲಿ ಆಳುದ್ದದ ಗೂಡುಗಳಿವೆ. ರೈಲು ಬಂದಾಗ ಹಳಿ ರಿಪೇರಿಯ ಗ್ಯಾಂಗ್‌ಮನ್‌ಗಳು ಅದರಲ್ಲಿ ಒತ್ತಿ ನಿಲ್ಲುತ್ತಿದ್ದರಂತೆ. ಸುಮ್ನೆ ಒಂದರಲ್ಲಿ ನಿಂತು ನೋಡಿದೆ. ಬೆನ್ನೆಲ್ಲ ಒದ್ದೆ.

ರಾತ್ರಿ ಯಡಕುಮೇರಿ ನಿಲ್ದಾಣದ ಜಗಲಿಯಲ್ಲಿ ಮಲಗಿದೆವು. ಆನೆ ಭಯಕ್ಕೆ ಭಾವ ಕಣ್ಣು ಮುಚ್ಚಲಿಲ್ಲ. ಮರುದಿನ ಕಾಡಿನೊಳಗೆ ಇಳಿದು ಗುಂಡ್ಯ ಹೊಳೆ ಹಾಯ್ದು, ಶಿರಾಡಿ ಘಾಟಿಯ ರಸ್ತೆಯಲ್ಲಿ ಬಸ್ಸಿಗೆ ಕೈ ಹಿಡಿದೆವು.

2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಬಂತು. ಈಗ ಹಳಿಯ ಮೇಲೆ ನಡೆಯುವುದು ಅಪರಾಧ, ಯಾರೂ ಆ ಸಾಹಸಕ್ಕೆ ಹೋಗಬೇಡಿ. ಹಗಲು ರೈಲಿನಲ್ಲಿ ನಾವಿಬ್ಬರೂ ಒಮ್ಮೆ ಹೋದೆವು. ನಾನು ಕಿಟಕಿಗೆ ಅಂಟಿಕೊಂಡು ಆ ಗೂಡುಗಳನ್ನು ಹುಡುಕುತ್ತಿದ್ದೆ. ಸೇತುವೆ ಬಂದಾಗಲೆಲ್ಲ ಭಾವ ಮಾತ್ರ ಕಾಲು ಮೇಲೆತ್ತಿ ಸೀಟಿನ ಮೇಲೆ ಇಟ್ಟುಕೊಳ್ಳುತ್ತಿದ್ದರು.