ಟಬ್ ಇರಲೋ ಬೇಡವೋ, ಗೀಸರನ್ನು ಕೇಳಿ

ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಬಿಲ್ಡರ್ ಕೂರಿಸಿಹೋದ ಬಾತ್‌ಟಬ್ ಇರುತ್ತದೆ. ಮಾಸ್ಟರ್ ಬೆಡ್‌ರೂಮಿನ ಬಚ್ಚಲನ್ನು ಹೊಸದು ಮಾಡಿಸಲು ಹೊರಟವರು ಮೊದಲು ಆ ಟಬ್ಬಿನೊಳಗೆ ಈಗ ಏನಿದೆ ನೋಡಿ. ಮಾಪು, ಖಾಲಿ ಬಕೆಟ್ಟು, ಒಗೆಯುವ ಬಟ್ಟೆ ಇದ್ದರೆ ಅರ್ಧ ತೀರ್ಮಾನ ಆದಂತೆಯೇ. ಉಳಿದರ್ಧ ಗೀಸರಿನಲ್ಲಿದೆ.

ಐದೂವರೆ ಅಡಿ ಉದ್ದದ ಟಬ್ ತುಂಬಲು ಸುಮಾರು 180 ಲೀಟರ್ ನೀರು ಬೇಕು, ಅಂದರೆ 20 ಲೀಟರಿನ ಒಂಬತ್ತು ಬಕೆಟ್. ನಲ್ಲಿ ನೀರು 23 ಡಿಗ್ರಿ, ಗೀಸರ್ ನೀರು 60 ಡಿಗ್ರಿ ಎಂದಿಟ್ಟುಕೊಂಡರೆ, ಮೈಗೆ ಹಿತವಾದ 39 ಡಿಗ್ರಿಗೆ ಬರಲು ಅದರಲ್ಲಿ ಹೆಚ್ಚುಕಡಿಮೆ 78 ಲೀಟರ್ ಬಿಸಿನೀರೇ ಆಗಬೇಕು. 25 ಲೀಟರಿನ ಗೀಸರ್ ಮೂರು ಸಲ ಕಾಯಬೇಕು. 2 ಕಿಲೋವ್ಯಾಟಿನದಾದರೆ ಸಲಕ್ಕೆ ಅರ್ಧ ಗಂಟೆಗೂ ಹೆಚ್ಚು. ಮೂರನೆಯದು ಬೀಳುವ ಹೊತ್ತಿಗೆ ಮೊದಲು ಬಿದ್ದದ್ದು ಆರಿರುತ್ತದೆ. ತಾರಸಿಯ ಮೇಲೆ 200 ಲೀಟರಿನ ಸೋಲಾರ್ ಇದ್ದರೆ ಟಬ್ ಏನೋ ತುಂಬುತ್ತದೆ, ಮನೆಯ ಉಳಿದವರಿಗೆ ಅಷ್ಟಕ್ಕಷ್ಟೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದ ಬಡಾವಣೆಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿ ಮಂಡಿನೋವಿನವರಿದ್ದರೆ ಇನ್ನೊಂದು ಮಾತು. ಟಬ್ಬಿನ ಅಂಚು ನೆಲದಿಂದ 18ರಿಂದ 20 ಅಂಗುಲ ಎತ್ತರ. ಒದ್ದೆ ಕಾಲನ್ನು ಅಷ್ಟು ಎತ್ತಿ ದಾಟುವಾಗಲೇ ಜಾರುವುದು. ದೀಪಾವಳಿಯ ಎಣ್ಣೆಸ್ನಾನವಂತೂ ಟಬ್ಬಿನಲ್ಲಿ ಬೇಡವೇ ಬೇಡ. ಅಕ್ರಿಲಿಕ್ ಮೇಲೆ ಎಣ್ಣೆ ಬಿದ್ದರೆ ಪಾದ ನಿಲ್ಲುವುದಿಲ್ಲ, ಸೀಗೆಪುಡಿ ಸಣ್ಣ ವೇಸ್ಟ್ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ.

ಹಾಗೆಂದು ಎಲ್ಲರೂ ತೆಗೆಸಬೇಕೆಂದಿಲ್ಲ. ಚಿಕ್ಕ ಮಕ್ಕಳಿಗೆ ನಾಲ್ಕು ಅಂಗುಲ ನೀರು ಬಿಟ್ಟರೆ ಸಾಕು, ಸ್ನಾನ ಸಲೀಸು. ಆದರೆ ಅಷ್ಟೇ ನೀರಿನಲ್ಲೂ ಮಗುವನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬಾರದು. ಉಳಿಸಿಕೊಳ್ಳುವುದಾದರೆ ಗೋಡೆಗೂ ಟಬ್ಬಿಗೂ ನಡುವಿನ ಹಳೆಯ ಸಿಲಿಕೋನ್ ಕೆರೆದು ತೆಗೆಸಿ, ಸಂದನ್ನು ಒಣಗಿಸಿ. ಆಮೇಲೆ ಟಬ್ ತುಂಬ ನೀರು ತುಂಬಿಸಿ, ಹೊಸ ಸಿಲಿಕೋನ್ ಹಾಕಿಸಿ, 24 ಗಂಟೆ ನೀರನ್ನು ಹಾಗೇ ಬಿಡಿ. ಖಾಲಿ ಟಬ್ಬಿಗೆ ಹಾಕಿದರೆ ಮೊದಲ ಸಲ ತುಂಬಿದಾಗ ಭಾರಕ್ಕೆ ಟಬ್ ತುಸು ಕೆಳಗಿಳಿದು ಸಂದು ಬಾಯಿ ಬಿಡುತ್ತದೆ, ನೀರು ಗೋಡೆಯೊಳಗೆ ಇಳಿಯುತ್ತದೆ. ಬಳಸದ ದಿನಗಳಲ್ಲೂ ವಾರಕ್ಕೆ ಎರಡು ಚೊಂಬು ನೀರು ಹುಯ್ಯಿರಿ. ಟ್ರ್ಯಾಪಿನಲ್ಲಿ, ಅಂದರೆ ನೀರು ಹೋಗುವ ಪೈಪಿನ ಬಾಗಿನಲ್ಲಿ, ನಿಂತ ನೀರು ಒಣಗಿದರೆ ವಾಸನೆ ಮತ್ತು ಜಿರಳೆ ಅಲ್ಲಿಂದಲೇ ಬರುವುದು. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ನೀರು ಬೆರೆಸಿದ ವಿನಿಗರ್ ಸಾಕು, ಆಸಿಡ್ಡೂ ಸ್ಟೀಲ್ ಉಜ್ಜುವ ಬಲೆಯೂ ಹೊಳಪನ್ನು ತಿನ್ನುತ್ತವೆ.

ಟಬ್ ತೆಗೆಸಿ ಶವರ್ ಮಾಡಿಸುವವರಿಗೆ ಕಾಂಟ್ರಾಕ್ಟರ್ ಮೊದಲೇ ಹೇಳದ ಖರ್ಚೊಂದಿದೆ. ಟಬ್ಬಿನ ಹಿಂದೆ ಅಂಚಿನಿಂದ ಕೆಳಗೆ ಗೋಡೆಗೆ ಟೈಲ್ಸ್ ಇರುವುದಿಲ್ಲ, ಅಡಿಯಲ್ಲಿ ನೆಲದ ಟೈಲ್ಸೂ ಅಪರೂಪ. ಹಳೆಯ ಬಣ್ಣದ ಟೈಲ್ಸ್ ಅಂಗಡಿಯಲ್ಲಿ ಸಿಗದು. ತೇಪೆ ಹಾಕುವ ಬದಲು ಟಬ್ಬಿನ ಸುತ್ತಲಿನ ಮೂರು ಗೋಡೆಗಳಿಗೂ ಹೊಸ ಟೈಲ್ಸ್ ಎಂದೇ ಬಜೆಟ್ ಬರೆದಿಡಿ. ಟಬ್ಬಿನ ಪೈಪು ಶವರಿನ ನೆಲಕ್ಕೆ ಹೊಂದುವುದಿಲ್ಲ, ಹೊಸ ಫ್ಲೋರ್ ಟ್ರ್ಯಾಪ್ ಬೇಕು, ಅದಕ್ಕಾಗಿ ಸಂಕನ್ ಸ್ಲ್ಯಾಬಿನ (ಪೈಪುಗಳಿಗಾಗಿ ತಗ್ಗಿಸಿ ಹಾಕಿದ ಬಚ್ಚಲ ನೆಲ) ಭರ್ತಿಯನ್ನು ಅಗೆಯಲೇಬೇಕು. ಅಗೆದ ಮೇಲೆ ವಾಟರ್‌ಪ್ರೂಫಿಂಗ್‌ನಲ್ಲಿ ಚೌಕಾಸಿ ಬೇಡ. ಮೂಲೆಗಳನ್ನು ಗಾರೆಯಿಂದ ಗುಂಡಗೆ ಮಾಡಿ, ಮೆಶ್ (ಬಲೆ) ಅಂಟಿಸಿ, ಒಂದಕ್ಕೊಂದು ಅಡ್ಡಡ್ಡವಾಗಿ ವಾಟರ್‌ಪ್ರೂಫಿಂಗ್‌ನ ಎರಡು ಕೋಟ್, ಶವರ್ ಗೋಡೆಗೆ ಆರಡಿವರೆಗೆ. ಒಣಗಿದ ಮೇಲೆ ಎರಡು ಅಂಗುಲ ನೀರು ಕಟ್ಟಿ 48 ಗಂಟೆ ಬಿಟ್ಟು, ಕೆಳಗಿನ ಮನೆಯವರ ಸೀಲಿಂಗ್ ನೋಡಿ ಬನ್ನಿ. ಟೈಲ್ಸ್ ಹಾಕುವ ಮುಂಚೆಯೇ ಇದು ಆಗಬೇಕು. ಅಸೋಸಿಯೇಷನ್ ಒಪ್ಪಿಗೆಯಂತೂ ಅಗೆಯುವುದಕ್ಕೂ ಮುಂಚೆ. ನೆಲದ ಇಳಿಜಾರು ಮೀಟರಿಗೆ 12ರಿಂದ 15 ಮಿಲಿಮೀಟರ್ ಇರಲಿ.

ಖಾಲಿಯಾದ ಐದೂವರೆ ಅಡಿ ಜಾಗದಲ್ಲಿ ಒಳ್ಳೆಯ ಶವರ್ ಆಗುತ್ತದೆ. ಒಂದು ತುದಿಗೆ 17 ಅಂಗುಲ ಎತ್ತರದ ಗ್ರಾನೈಟ್ ಕಟ್ಟೆ ಕಟ್ಟಿಸಿ, ಕೂತು ಸ್ನಾನ ಮಾಡುವವರಿಗೆ ಅದೇ ಸಿಂಹಾಸನ. ಹಿಡಿಕಂಬಿಯನ್ನು 34 ಅಂಗುಲದ ಆಸುಪಾಸಿನಲ್ಲಿ ಗಟ್ಟಿ ಇಟ್ಟಿಗೆ ಅಥವಾ ಕಾಂಕ್ರೀಟಿಗೆ ಬೋಲ್ಟ್ ಮಾಡಿಸಿ, ಹಗುರ ಬ್ಲಾಕಿನ ಗೋಡೆಯಾದರೆ ಅದಕ್ಕೆಂದೇ ಬರುವ ಆಂಕರ್ ಕೇಳಿ. ಒತ್ತಿ ಅಂಟಿಸುವ ಕಂಬಿಗೆ ಮೈಭಾರ ಕೊಡಬೇಡಿ. ಮತ್ತೆ, ಶವರ್ ಎಷ್ಟೇ ಚೆಂದದ್ದಿರಲಿ, ಬಕೆಟ್ಟಿಗೊಂದು ನಲ್ಲಿ ಹಾಕಿಸಲು ಮರೆಯಬೇಡಿ: ಎರಡಡಿ ಎತ್ತರದಲ್ಲಿ, ಬಕೆಟ್ ಬಾಯಿಗೆ ನೇರವಾಗಿ, ಕಟ್ಟೆಯಲ್ಲಿ ಕೂತವರ ಕೈಗೆಟುಕುವಂತೆ.